ಕಂಠಪ್ಪ ಆರಿಸಿದ ಮಕ್ಕಳು

ಸಾಲಿಗ್ರಾಮದಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡಿರುವ ಕಂಠಪ್ಪನಿಗೆ ಈಚೆಗೆ ಒಂದು ಪದವಿ ಬಂದಿದೆ: ಸಮುದಾಯ ಪಾಲುದಾರ. ಮಕ್ಕಳ ಮಿದುಳು ಹೇಗೆ ಬೆಳೆಯುತ್ತದೆ ಎಂದು ಸಂಶೋಧನೆ ಮಾಡುವ ಎಂ.ಎಸ್ಸಿ. ವಿದ್ಯಾರ್ಥಿಗಳು ಮೈಸೂರಿನಿಂದ ತರಬೇತಿಗೆ ಬರುತ್ತಾರೆ. ಊರಿನವರನ್ನು ಜೊತೆಗೆ ಸೇರಿಸಿಕೊಂಡೇ ಕೆಲಸ ಮಾಡಿ ಎಂದು ಅವರ ಮೇಷ್ಟ್ರು ಹೇಳಿ ಕಳಿಸಿದ್ದಾರೆ. ಊರು ಅಂದರೆ ನಾನೇ ಅಂದ ಈತ. ಅವರೂ ನಂಬಿದರು. ಓದಿದವರಲ್ಲವೇ, ಪಾಪ!

ಅಲ್ಲಿಂದ ಶುರುವಾಯಿತು ಈ ಮಹಾನುಭಾವನ ಪಾಠ. ಹಳ್ಳಿಯಲ್ಲಿ ಹೇಗೆ ಕೂರಬೇಕು, ತಾಯಂದಿರನ್ನು ಎಷ್ಟು ಗೌರವದಿಂದ ಮಾತಾಡಿಸಬೇಕು ಎಂದು ಈತ ಕೊರೆಯುವುದು, ಅವರು ತಲೆಯಾಡಿಸುವುದು. ಸ್ವಂತ ಸೊಸೆ ಸರ್ವಮಂಗಳಳನ್ನು ‘ಏಯ್’ ಎಂದಲ್ಲದೆ ಕರೆದವನಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ!

ಆ ಸೊಸೆಯ ಮಗಳು ಪುಟ್ಟಿ. ನಾಲ್ಕು ತುಂಬಿದರೂ ಬಾಯಲ್ಲಿ ಒಂದು ಮಾತಿಲ್ಲ.

“ಅವ್ರಿಗೊಂದ್ಸಲ ತೋರ್ಸಾಣ ಮಾವ. ಮಗೀಗೆ ಏನಾಗದೆ ಅಂತಾದ್ರೂ ಗೊತ್ತಾಯ್ತದೆ,” ಎಂದು ಸರ್ವಮಂಗಳ ಅಂಗಲಾಚಿದಳು.

“ಸುಮ್ಕಿರು! ಊರ್ ಮುಂದೆ ನನ್ ಮರ್ವಾದೆ ತೆಗೀಬ್ಯಾಡ,” ಎಂದ ಕಂಠಪ್ಪ.

ವಿದ್ಯಾರ್ಥಿಗಳು ಊರಿನ ಮಕ್ಕಳನ್ನು ಪರೀಕ್ಷಿಸುವ ದಿನ ಶಾಲೆಯಲ್ಲಿ ಸಾಲಾಗಿ ಕೂತಿದ್ದ ಮಕ್ಕಳನ್ನು ನೀವು ನೋಡಬೇಕಿತ್ತು. ಊರಿನ ಮಾನ ಉಳಿಸಲು ಚೂಟಿಯಾದವರನ್ನೇ ಆರಿಸಿ, ಬಾಯಿಪಾಠ ಮಾಡಿಸಿ, ಮುಖಕ್ಕೆ ಪೌಡರ್ ಮೆತ್ತಿಸಿ ಕರೆತಂದಿದ್ದ ಕಂಠಪ್ಪ. ಬಂದವರೇನು ಹೆಣ್ಣು ನೋಡುವ ಬೀಗರೇ? ನನಗೆ ಮೈಯೆಲ್ಲ ಉರಿಯಿತು.

“ಎಲ್ಲಾ ಥರದ ಮಕ್ಕಳೂ ಬೇಕಿತ್ತು ಸರ್. ಮಾತು ತಡವಾದವರು, ನಡಿಗೆ ತಡವಾದವರು...” ಎಂದಳು ವಿದ್ಯಾರ್ಥಿನಿ ಚೈತ್ರ.

“ಅಂತವ್ರು ನಮ್ಮೂರಲ್ಲಿ ಒಬ್ರೂ ಇಲ್ಲ ಕಣವ್ವ, ಬುಡು!”

ಅಷ್ಟರಲ್ಲಿ ಸರ್ವಮಂಗಳ ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಬಂದಳು. ಯಾರನ್ನೂ ಕೇಳಲಿಲ್ಲ.

“ಈ ಪಾಪು ಯಾರದು ಸರ್?” ಚೈತ್ರ ಕಂಠಪ್ಪನನ್ನೇ ಕೇಳಿದಳು.

ಥೂ, ಆ ನಾಲಗೆ ಹೇಗೆ ಹೊರಳಿತೋ! “ಯಾರ್ದೋ ಏನೋ. ನಮ್ಮೂರ್ದಲ್ಲ,” ಅಂದುಬಿಟ್ಟ.

ಅಲ್ಲಿದ್ದ ತಾಯಂದಿರೆಲ್ಲ ಅವನ ಮುಖ ನೋಡಿದರು. ಒಬ್ಬಳಾದರೂ ಉಗಿಯಬೇಕಿತ್ತು. ಸರ್ವಮಂಗಳ ಅಳಲಿಲ್ಲ, ಕೂಗಾಡಲಿಲ್ಲ. ಮಗುವನ್ನು ಚೈತ್ರಳ ಮುಂದೆ ಚಾಪೆಯ ಮೇಲೆ ಕೂರಿಸಿ, ಲಂಗ ಸರಿಮಾಡಿದಳು.

“ಇವ್ಳ ಎಸ್ರು ಪುಟ್ಟಿ ಕಣ್ರೀ. ನನ್ ಮಗ್ಳು. ಮನೇಲಿ ಯಾರ್ಯಾರವ್ರೆ ಅಂತ ಕೇಳ್ತೀರಲ್ಲ, ಅಲ್ಲಿ ತಾತ ಇಲ್ಲ ಅಂತ ಬರ್ಕಳಿ,” ಎಂದಳು.