ಕೌದಿಯ ನಡುವೆ ಎಂಟು ದಿನ

ಬಿಳಿಚೋಡಿನ ಗಾದ್ರಮ್ಮ ಕೌದಿ ಹೊಲಿಯಲು ಕೂತರೆ ಸೂರ್ಯ ಒಂದು ಗಳಿಗೆ ನಿಂತು ನೋಡಿ ಮುಂದಕ್ಕೆ ಹೋಗುತ್ತಿದ್ದ ಎಂದು ಜನ ಹೇಳುತ್ತಾರೆ. ಅದು ಸುಳ್ಳು. ಅರ್ಧ ಗಳಿಗೆ ಮಾತ್ರ ನಿಲ್ಲುತ್ತಿದ್ದ, ನಾನೇ ಮಗ್ಗುಲ ಮನೆಯಲ್ಲಿದ್ದು ನೋಡಿದ್ದೇನೆ. ಅವಳ ಹೊಲಿಗೆಯ ಪಕ್ಕದಲ್ಲಿ ಹೋಗುವ ಇರುವೆ ಸಾಲು, ತನ್ನ ನಡಿಗೆ ಸೊಟ್ಟಗಿದೆಯೆಂದು ನಾಚಿ ಗೋಡೆಯ ಆಚೆ ಕಡೆಯಿಂದ ಹೋಗುತ್ತಿದ್ದದ್ದು ಮಾತ್ರ ಪೂರಾ ನಿಜ.

ನ್ಯಾಮತಿಯಿಂದ, ಹೊನ್ನಾಳಿಯಿಂದ ಬಸ್ಸಿನ ಮೇಲೆ ಹಳೆ ಸೀರೆಯ ಗಂಟುಗಳು ಬರುತ್ತಿದ್ದವು. ಗಾದ್ರಮ್ಮ ಮೊದಲು ಅಡಿ ಸೀರೆ ಹಾಸುವಳು, ಅದರ ಮೇಲೆ ಇನ್ನೆರಡು ಸೀರೆ ಪದರ. ಆಮೇಲೆ ಬಣ್ಣದ ತುಂಡುಗಳನ್ನು ಇಡುತ್ತ ನಾಲ್ಕೂ ಅಂಚಿನಿಂದ ಸುತ್ತು ಸುತ್ತಾಗಿ ಒಳಕ್ಕೆ ಹೊಲಿದುಕೊಂಡು ಬರುವಳು. ಕೊನೆಗೆ ಮುಚ್ಚುವುದು ನಟ್ಟನಡುವಿನ ಜಾಗ. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಹೊಟ್ಟೆ ಮುಚ್ಚದ ಕೌದಿಯನ್ನು ಬಾಣಂತಿಗೆ ಹೊದಿಸಬಾರದು, ಕೂಸಿಗೆ ಹಾಸಬಾರದು. ಇದು ನಮ್ಮ ಕಡೆಯ ಕಟ್ಟು.

ಅವಳ ಇನ್ನೊಂದು ವಿದ್ಯೆ ನೆನಪು. ಉಪಕಾರ ಮಾಡಿದವರು ಅವಳಿಗೆ ಮರೆತುಹೋಗುತ್ತಿದ್ದರು, ಅವಮಾನ ಮಾಡಿದವರು ಮರೆಯುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ನಮ್ಮ ಎತ್ತು ಅವಳ ಕಾಲು ತುಳಿದಿತ್ತು. ಅದು ಸತ್ತು ಹತ್ತು ವರ್ಷದ ಮೇಲೂ, ಅದೇ ಕೊಟ್ಟಿಗೆಯ ಕರುಗಳಿಗೆ ಅವಳು ಒಂದು ಹಿಡಿ ಹುಲ್ಲು ಹಾಕಿದವಳಲ್ಲ.

ಇಂಥವಳ ಕೆಂಗಣ್ಣಿಗೆ ಬಿದ್ದವಳು ಜಗಳೂರಿನ ಬಂಗಾರಮ್ಮ. ದೊಡ್ಡ ಮನೆ, ದೊಡ್ಡ ಬಾಯಿ. ಎಪ್ಪತ್ತೈದನೇ ಇಸವಿಯಲ್ಲಿ ಮಗಳು ಹೊನ್ನೂರಮ್ಮನನ್ನು ಚನ್ನಗಿರಿಗೆ ಕೊಟ್ಟಾಗ ಮದುವೆ ಕೌದಿಗೆ ಹೇಳಿದಳು. ಸೀರೆಗಳನ್ನು ಮಾತ್ರ ಗುಬ್ಬಿ ಕಾಳು ಹೆಕ್ಕಿದ ಹಾಗೆ ವಾರಕ್ಕೊಂದರಂತೆ ಕಳಿಸಿದಳು. ಕೊನೆಯದು ಬಂದಾಗ ಮದುವೆಗೆ ನಾಲ್ಕು ದಿನ. ಗಾದ್ರಮ್ಮ ಉಣ್ಣುವುದು ಮಲಗುವುದು ಬಿಟ್ಟು ಹೊಲಿದರೂ ಕೌದಿ ಮುಟ್ಟಿದ್ದು ಮದುವೆಯ ಮಾರನೆ ದಿನ. ಬಂಗಾರಮ್ಮ ಚಪ್ಪರದಲ್ಲಿ ಬೀಗರ ಮುಂದೆಯೇ ಅಂದಳು: "ಬಂದ್ಯಾ ತಾಯಿ? ಇನ್ನೊಂದು ವರ್ಷ ತಡೆದಿದ್ರೆ ಮೊಮ್ಮಗನ ತೊಟ್ಟಿಲಿಗೆ ಆಗ್ತಿತ್ತು."

ಆ ಮಾತಿಗೆ ಬಿದ್ದ ನಗೆಗೆ ಚಪ್ಪರದ ಎರಡು ಗೂಟ ಕಿತ್ತು ಬಂದವು. ಅಲ್ಲಿಂದ ಆ ಮಾತು ಬಸ್ ಹತ್ತಿ ಊರೂರು ತಿರುಗಿತು. ಸವಳಂಗದಲ್ಲಿ ಬಸ್ಸು ತಡವಾದರೆ "ಗಾದ್ರಮ್ಮನ ವಾಯಿದೆ ಕಣಪ್ಪ" ಅನ್ನುವವರು ಹುಟ್ಟಿಕೊಂಡರು. ಅವರ್ಯಾರೂ ಗಾದ್ರಮ್ಮನನ್ನು ಕಂಡವರಲ್ಲ. ಸೀರೆ ಗಂಟುಗಳು ಬರುವುದು ಕಮ್ಮಿಯಾಯಿತು. ಒಬ್ಬಂಟಿ ಹೆಂಗಸು, ಸೂಜಿ ಬಿಟ್ಟರೆ ಹೊಲವಿಲ್ಲ ಗದ್ದೆಯಿಲ್ಲ. ಎರಡು ಸುಗ್ಗಿ ಕಂಡವರ ಹೊಲದಲ್ಲಿ ಜೋಳ ಕೊಯ್ದಳು. ಕುಡುಗೋಲು ಹಿಡಿದ ಆ ಕೈ ನೋಡಿ ನಾನು ಏನಾದರೂ ಸಮಾಧಾನ ಹೇಳಹೋದರೆ, "ಸುಮ್ನಿರಣ್ಣ, ನಾನು ಎಣಿಸ್ತಾ ಇದೀನಿ" ಅನ್ನುವಳು. ಏನು ಎಣಿಸುತ್ತಿದ್ದಳೋ.

ನಾಲ್ಕು ವರ್ಷ ಕಳೆಯಿತು. ಹೊನ್ನೂರಮ್ಮ ಚೊಚ್ಚಲು ಹೆರಿಗೆಗೆ ತವರಿಗೆ ಬಂದಳು, ಗಂಡು ಕೂಸಾಯಿತು. ಐದನೇ ತಿಂಗಳಲ್ಲಿ ತೊಟ್ಟಿಲು, ಕೌದಿ ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸಬೇಕು. ಆರನೇ ತಿಂಗಳಲ್ಲಿ ಕಳಿಸುವಂತಿಲ್ಲ, ಏಳು ತುಂಬುವವರೆಗೂ ಇಟ್ಟುಕೊಳ್ಳಬೇಕು. ಹೊನ್ನೂರಮ್ಮನ ಅತ್ತೆ ಉಡಚಮ್ಮ ಚನ್ನಗಿರಿಯಿಂದ ಹೇಳಿ ಕಳಿಸಿದಳು: ಮದುವೆ ಕೌದಿ ಹೊಲಿದವಳ ಕೈಯದೇ ಬೇಕು, ಅದನ್ನು ಹೊದ್ದ ಮೇಲೆ ನನಗೆ ಬೇರೆ ಯಾವುದರಲ್ಲೂ ನಿದ್ದೆ ಹತ್ತಿಲ್ಲ.

ಹಿಂಗಾಗಿ ಒಂದು ದಿನ ಬಂಗಾರಮ್ಮ ಬಿಳಿಚೋಡಿನಲ್ಲಿ ಬಸ್ ಇಳಿದಳು. ಗಾದ್ರಮ್ಮ ಚಾಪೆ ಹಾಸಿದಳು, ನೀರು ಕೊಟ್ಟಳು, ನನ್ನನ್ನೂ ಕರೆದು ಕೂರಿಸಿದಳು.

"ಹಳೇದೆಲ್ಲ ಮರ್ತುಬಿಡು ಗಾದ್ರಿ" ಎಂದಳು ಬಂಗಾರಮ್ಮ.

"ಯಾವ್ದು ಅಕ್ಕಾರೆ? ನಂಗೇನೂ ನೆನಪೇ ಇಲ್ಲ."

ನಾನು ಹೊರಗೆ ಎದ್ದು ಹೋಗಿ ಕೆಮ್ಮಿ ಬಂದೆ.

"ಆದ್ರೆ ಈ ಸಲ ವಾಯಿದೆ ಎರಡು ಕಡೆಗೂ ಇರ್ಲಿ" ಎಂದಳು ಗಾದ್ರಮ್ಮ. "ದಶಮಿ ಆದ ಸೋಮವಾರ ಸೀರೆ ಅಷ್ಟೂ ನನ್ನ ಕೈ ಸೇರಬೇಕು. ಅಲ್ಲಿಂದ ಮೂವತ್ತನೇ ದಿನ, ಬುಧವಾರ, ಕೌದಿ ನಿಮ್ಮ ಮನೇಲಿರ್ತದೆ. ನೀವು ಎಷ್ಟು ದಿನ ತಡ ಮಾಡ್ತೀರೋ ಅಷ್ಟು ದಿನದ ಹೊಲಿಗೆ ಕಮ್ಮಿ ಬೀಳ್ತದೆ. ಕೌದಿ ಮಾತ್ರ ಬುಧವಾರ ತಪ್ಪಂಗಿಲ್ಲ."

ಬಂಗಾರಮ್ಮ ನಕ್ಕಳು. ಹೊಲಿಗೆ ಒಂದಿಷ್ಟು ವಿರಳವಾದರೆ ಯಾರು ನೋಡುತ್ತಾರೆ ಎಂದು ಅವಳ ಲೆಕ್ಕ. "ಆಗ್ಲಿ ಬಿಡು, ನಾಕು ಗೆರೆ ಕಮ್ಮಿ ಆದ್ರೆ ನನ್ನ ಮೊಮ್ಮಗ ಏನೂ ಸೊರಗಲ್ಲ."

"ಅಣ್ಣಾರು ಕೇಳಿಸ್ಕೊಂಡ್ರಲ್ಲ?" ಎಂದು ಗಾದ್ರಮ್ಮ ನನ್ನ ಕಡೆ ನೋಡಿದಳು. ನಾನು ಕೇಳಿಸಿಕೊಂಡೆ ಎಂದೆ.

ಸೋಮವಾರ ಬಂತು, ಸೀರೆಗಳೂ ಬಂದವು. ಒಂದು ಬಿಟ್ಟು. ಬಾರದಿದ್ದದ್ದು ಅಡಿ ಸೀರೆ. ಕೂಸಿನ ಅಜ್ಜಿ ಉಟ್ಟು ಮೆತ್ತಗಾದ ಸೀರೆಯೇ ಅಡಿಗೆ ಬರಬೇಕು, ಅದು ಹಾಸದೆ ಮೇಲಿನದು ಒಂದೂ ಹಾಸುವಂತಿಲ್ಲ. ಬಂಗಾರಮ್ಮ ಅದನ್ನು ಉಟ್ಟುಕೊಂಡೇ ಕಣದಲ್ಲಿ ಕಡಲೆಕಾಯಿ ಒಣಗಿಸುತ್ತಿದ್ದಳಂತೆ. "ನಾಳೆ ಕಳಿಸ್ತೀನಿ" ಎಂದು ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದಳು. ಮಾರನೆ ದಿನವೂ ನಾಳೆ, ಅದರ ಮಾರನೆ ದಿನವೂ ನಾಳೆ. ಪಾಪ ಆ ಕಂಡಕ್ಟರ್ ನಮ್ಮೂರಲ್ಲಿ ಬಸ್ ನಿಲ್ಲಿಸುವುದಕ್ಕೇ ಹೆದರತೊಡಗಿದ.

ಎಂಟು ದಿನ ಗಾದ್ರಮ್ಮ ಬಾಗಿಲಲ್ಲಿ ದಾರ ಪೋಣಿಸಿದ ಸೂಜಿ ಹಿಡಿದು ಕೈಕಟ್ಟಿ ಕೂತಳು. ಅಷ್ಟು ಖುಷಿಯಾಗಿ ಅವಳು ಕೂತಿದ್ದನ್ನು ನಾನು ನೋಡಿರಲಿಲ್ಲ. ಒಂಬತ್ತನೇ ದಿನ ಸೀರೆ ಬಂತು.

"ದಿನಾ ಒಂದಿಷ್ಟು ಹೊತ್ತು ಜಾಸ್ತಿ ಕುಂತ್ರೆ ಮುಗೀತದೆ ಗಾದ್ರಕ್ಕ" ಎಂದೆ.

"ಮುಗೀತದೆ" ಎಂದಳು. "ಮುಗಿಸಲ್ಲ."

ಬುಧವಾರ ಮೊದಲ ಬಸ್ಸಿಗೇ ಜಗಳೂರಿಗೆ ಹೊರಟೆವು. ಗಂಟು ನನ್ನ ತಲೆ ಮೇಲೆ. ಬಂಗಾರಮ್ಮನ ಪಡಸಾಲೆಯಲ್ಲಿ ಚನ್ನಗಿರಿ ಬೀಗರು ಏಳು ಜನ ಆಗಲೇ ಬಂದು ಕೂತಿದ್ದರು. ಮಾರನೆ ದಿನ ಬೆಳಿಗ್ಗೆ ಹೊರಡುವುದು. ಕೂಸಿಗೆ ಐದು ತಿಂಗಳು ತುಂಬಲು ಇನ್ನು ಆರೇ ದಿನ. ಅಷ್ಟರೊಳಗೆ ಹೋಗದಿದ್ದರೆ ಎರಡು ತಿಂಗಳು ಕಾಯಬೇಕು.

"ಪರ್ವಾಗಿಲ್ಲ, ಹೇಳಿದ ದಿನಕ್ಕೇ ಬಂದ್ಲು" ಎಂದು ಬಂಗಾರಮ್ಮ ಬೀಗಿತ್ತಿಯ ಮುಂದೆ ಕೌದಿ ಬಿಚ್ಚಿ ಹರಡಿದಳು.

ಅಂಚುಗಳು ನೋಡಬೇಕಿತ್ತು. ಕೆಂಪು, ಹಸಿರು, ಅರಿಶಿನ ಬಣ್ಣದ ತುಂಡುಗಳು ಸಾಲು ಸಾಲಾಗಿ ಒಳಕ್ಕೆ ಬಂದು, ಬಂದು, ನಡುವೆ ಥಟ್ಟನೆ ನಿಂತುಬಿಟ್ಟಿದ್ದವು. ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ ಖಾಲಿ. ಮೇಲಿನ ಪದರಗಳನ್ನು ಅಲ್ಲಿ ಹೊಲಿಯದೆ ಹಿಂದಕ್ಕೆ ಮಡಚಿದ್ದರಿಂದ ಅಡಿ ಸೀರೆ ಬಯಲಿಗೆ ಬಿದ್ದಿತ್ತು. ಬಂಗಾರಮ್ಮನ ಆ ಸೀರೆಯ ಮೂರು ತೇಪೆ, ಒಂದು ಕಡಲೆಕಾಯಿ ಮಣ್ಣಿನ ಕಲೆ, ಎಲ್ಲವೂ ಬೀಗರಿಗೆ ಕೈಮುಗಿದು ಕೂತಿದ್ದವು.

"ಇದೇನಿದು?" ಎಂದಳು ಬಂಗಾರಮ್ಮ.

"ಎಂಟು ದಿನ" ಎಂದಳು ಗಾದ್ರಮ್ಮ.

ಉಡಚಮ್ಮ ದಪ್ಪನೆ, ನಿಧಾನದ ಹೆಂಗಸು. ಅವಳು ಬಗ್ಗಿ ಕೌದಿಯ ಖಾಲಿ ಜಾಗ ಸವರಿ, "ಹೊಟ್ಟೆ ಮುಚ್ಚದೆ ಕೂಸಿಗೆ ಹಾಸಾಕೆ ಬರಲ್ಲ" ಎಂದಳು. "ಕೌದಿ ಇಲ್ದೆ ಬಾಣಂತಿನ ಕರ್ಕೊಂಡು ಹೋಗಾಕೂ ಬರಲ್ಲ. ಆಗ್ಲಿ, ಇಲ್ಲೇ ಕುಂತು ಹೊಲೀಲಿ. ನಮಗೇನು ಅವಸರ ಇಲ್ಲ ಅಕ್ಕಾರೆ, ಇರ್ತೀವಿ."

ಏಳು ಜನ ಬೀಗರು ಇದ್ದರು. ಇದ್ದರು ಅಂದರೆ ಉಂಡರು. ಹೊತ್ತಾರೆ ರೊಟ್ಟಿ, ಮಧ್ಯಾಹ್ನ ಹೋಳಿಗೆ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ. ಉಡಚಮ್ಮನ ತಮ್ಮನೊಬ್ಬನಿದ್ದ, ಅವನು ಹೋಳಿಗೆ ಎತ್ತಿಕೊಳ್ಳುವ ರಭಸಕ್ಕೆ ಕಣಜದ ಗೋಧಿ ತಾನೇ ನಡೆದು ಬೀಸೋ ಕಲ್ಲಿಗೆ ಹೋಗುತ್ತಿತ್ತು. ತುಪ್ಪದ ಗಡಿಗೆಯ ತಳ ಎರಡನೇ ದಿನಕ್ಕೆ ಕಂಡಿತು. ಬಂಗಾರಮ್ಮನ ಗಂಡ ತಿಪ್ಪೇಶಪ್ಪ ಹೊಲ ನೋಡಿ ಬರ್ತೀನೆಂದು ಹೋದವನು ಊಟದ ಹೊತ್ತು ಕಳೆದ ಮೇಲೇ ಬರುತ್ತಿದ್ದ.

ಗಾದ್ರಮ್ಮ ಜಗುಲಿಯ ಮೇಲೆ ಕೌದಿ ಹರಡಿ ಹೊಲಿಯುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತು ಕೇಳುವರು, "ಇದ್ಯಾಕೆ ನಡುವೆ ಹಿಂಗೈತೆ?" ಅವಳು ತಲೆಯೆತ್ತದೆ, "ಒಳಗೆ ಯಜಮಾನಿ ಅದಾರೆ, ಕೇಳಿ" ಅನ್ನುವಳು. ಅರ್ಧ ಜಗಳೂರು ಒಳಗೆ ಹೋಗಿ ಕೇಳಿತು.

ಎರಡನೇ ದಿನ ಸಂಜೆ ಬಂಗಾರಮ್ಮ ಬಂದು ಪಕ್ಕದಲ್ಲಿ ಕೂತಳು. "ಒಟ್ಟು ಆರು ದಿನದಾಗೆ ಮುಗಿಸೇ ಗಾದ್ರಿ. ತಿಂಗಳು ತುಂಬಿಬಿಡ್ತದೆ."

"ಎಂಟು ದಿನದ ಕೆಲಸ ಅಕ್ಕಾರೆ. ಒಬ್ಬಳ ಕೈ. ಎದುರಿಗೆ ಇನ್ನೊಬ್ರು ಕುಂತು ಹೊಲಿದ್ರೆ ಆಗ್ತದೆ."

ಒಳಗಿನಿಂದ ಉಡಚಮ್ಮ, "ನಾನು ಕುಂತ್ಕಳ್ಳಲಾ?" ಎಂದಳು.

"ಬೀಗಿತ್ತೇರ ಕೈಲಿ ದುಡಿಸ್ಕೊಂಡ್ರು ಅನ್ನೋ ಮಾತು ಈ ಮನೆಗೆ ಬೇಕಾ?" ಎಂದು ಗಾದ್ರಮ್ಮ ಇನ್ನೊಂದು ಸೂಜಿಗೆ ದಾರ ಪೋಣಿಸಿ ಬಂಗಾರಮ್ಮನ ಮುಂದೆ ಹಿಡಿದಳು.

ಬಂಗಾರಮ್ಮ ಸೂಜಿ ತಗೊಂಡಳು. ಅವಳು ಬದುಕಿನಲ್ಲಿ ಗುಂಡಿ ಹಚ್ಚಿದವಳಲ್ಲ. ಮೊದಲ ಗೆರೆ ಹಾಕಿದಳು. ಅದು ಬಿಳಿಚೋಡಿನಿಂದ ಹೊರಟು ಹೊನ್ನಾಳಿ ಸುತ್ತಿ ವಾಪಸ್ ಬಂದ ಹಾಗಿತ್ತು. ಬೆರಳಿಗೆ ಚುಚ್ಚಿಕೊಂಡಾಗಲೆಲ್ಲ ಗಾದ್ರಮ್ಮ ಬಹಳ ಮರುಕದಿಂದ ಅರಿಶಿನ ಕೊಟ್ಟಳು. ದಿನಕ್ಕೆ ಹತ್ತು ಸಲ ಕೊಟ್ಟಳು.

ಮೂರನೇ ದಿನ ಹೊನ್ನೂರಮ್ಮ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ನೋಡುತ್ತಾ ಕೂತಿದ್ದವಳು ಕೇಳಿದಳು. "ಅವ್ವ, ಸೀರೆ ಯಾವಾಗ ಕಳಿಸಿದ್ದೆ ನೀನು?"

ಬಂಗಾರಮ್ಮ ಬಟ್ಟೆಯೊಳಗೆ ಏನೋ ಅಂದಳು.

"ಏನಂದ್ರಿ ಅಕ್ಕಾರೆ? ನಂಗೆ ಕಿವಿ ವಸಿ ಮಂದ" ಎಂದಳು ಉಡಚಮ್ಮ. ಅವಳ ಕಿವಿ ಎಷ್ಟು ಚುರುಕೆಂದರೆ ಅಡಿಗೆಮನೆಯಲ್ಲಿ ಹೋಳಿಗೆ ಮಗುಚಿದ್ದು ಪಡಸಾಲೆಗೆ ಕೇಳಿಸುತ್ತಿತ್ತು.

"ಎಂಟು ದಿನ ತಡ ಮಾಡಿದೆ ಅಂದೆ. ನಂದೇ ತಪ್ಪು. ಮದುವೆ ಕೌದೀಲೂ ನಂದೇ" ಎಂದಳು ಬಂಗಾರಮ್ಮ, ಈ ಸಲ ಜಗುಲಿಯ ಕೆಳಗೆ ನಿಂತವರಿಗೂ ಕೇಳುವಂತೆ. ನಿಂತವರು ಹತ್ತು ಹನ್ನೆರಡು ಜನ. ಅವರಲ್ಲಿ ನಮ್ಮ ಬಸ್ ಕಂಡಕ್ಟರೂ ಒಬ್ಬ ಎಂದು ನಾನು ಖುಷಿಪಟ್ಟೆ, ಇನ್ನು ಸುದ್ದಿ ತಾನೇ ಟಿಕೆಟ್ ತೆಗೆಸಿಕೊಂಡು ಹೋಗುತ್ತದೆ. ಗಾದ್ರಮ್ಮನ ಸೂಜಿ ಒಂದು ಕ್ಷಣ ನಿಂತು, ಮತ್ತೆ ನಡೆಯಿತು. ಇಷ್ಟು ಸಾಕಾಗುತ್ತದೆಂದು ನಾನು ಅಂದುಕೊಂಡೆ. ಅವಳಿಗೆ ಸಾಕಾಗಿರಲಿಲ್ಲ.

ಐದನೇ ದಿನ ಮಧ್ಯಾಹ್ನ ಕೌದಿಯ ಹೊಟ್ಟೆ ಮುಚ್ಚಿತು. ನಾಲ್ಕೂ ಕಡೆ ತಿದ್ದಿದ ಗೆರೆಗಳು, ನಟ್ಟನಡುವೆ ಮಾತ್ರ ಕೋಳಿ ಕೆದರಿದ ತಿಪ್ಪೆ. ಯಾವ ಕುರುಡನಿಗೂ ಅದು ಬೇರೆ ಕೈ ಎಂದು ಬೆರಳಲ್ಲೇ ಗೊತ್ತಾಗುವಂತಿತ್ತು.

ಬಂಗಾರಮ್ಮ ಗಾದ್ರಮ್ಮನ ಕಿವಿಯ ಹತ್ತಿರ ಬಗ್ಗಿದಳು. "ನಂದು ಬಿಚ್ಚಿ ನಿನ್ನ ಕೈಲಿ ಹಾಕ್ಬಿಡೇ. ಚನ್ನಗಿರೀಲಿ ಎಲ್ರೂ ನೋಡ್ತಾರೆ. ನನ್ನ ಮಾನ ಉಳಿಸು ಗಾದ್ರಮ್ಮ."

ಅವಳ ಬಾಯಲ್ಲಿ ಗಾದ್ರಿ ಗಾದ್ರಮ್ಮ ಆಗಿದ್ದು ಅದೇ ಮೊದಲು.

"ಬಿಚ್ಚಬಹುದು" ಎಂದಳು ಗಾದ್ರಮ್ಮ, ಎಲ್ಲರಿಗೂ ಕೇಳುವಂತೆ. "ಬಿಚ್ಚಿ ಹಾಕಾಕೆ ಇವತ್ತು ಸಂಜೆ, ನಾಳೆ ಪೂರಾ ದಿನ ಬೇಕು. ಬೀಗರು ಇನ್ನೊಂದು ದಿನ ಉಳೀತಾರಾ ಕೇಳಿ."

ಗಾಡಿ ಹತ್ತಲು ಎದ್ದಿದ್ದ ಉಡಚಮ್ಮನ ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು, ಕೊಡವಿ, ಎಲೆ ಹಾಕುವ ಜಾಗದಲ್ಲಿ ಮತ್ತೆ ಚಕ್ಕಂಬಕ್ಕಳ ಹಾಕಿ ಕೂತ.

ಬಂಗಾರಮ್ಮ ಅವನನ್ನು ನೋಡಿದಳು. ಆಮೇಲೆ ಕೌದಿಯನ್ನು ತಾನೇ ಮಡಚಿದಳು, ತನ್ನ ಹೊಲಿಗೆ ಒಳಗಾಗುವ ಹಾಗೆ. ಗಾದ್ರಮ್ಮ ಅದನ್ನು ಅವಳ ಕೈಯಿಂದ ಮೆಲ್ಲಗೆ ತಗೊಂಡು, ಬಿಚ್ಚಿ, ಆ ಸೊಟ್ಟ ಗೆರೆಗಳು ಮೇಲೆ ಬರುವಂತೆ ಮತ್ತೆ ಮಡಚಿ ಗಾಡಿಯಲ್ಲಿ ತೊಟ್ಟಿಲಿನ ಮೇಲೆ ಇಟ್ಟಳು.