ಹೊಂದಿಕೊಳ್ಳುವವರಿಗೆ ಅಂಕ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಹೇಳುತ್ತಿರುವುದು ಕಾಪುವಿಗೆ ಬಂದ ಮೊದಲ ದಿನದ್ದೋ, ವಾರ ಕಳೆದ ಮೇಲಿನದ್ದೋ, ಈಗ ಖಚಿತವಿಲ್ಲ. ಆದರೆ ಮಾತು ಮರೆತಿಲ್ಲ. ಮನೆಯೊಡತಿ ಫಿಲೊಮಿನಾ ಬಾಯಿ ಮೆಟ್ಟಿಲ ಕೆಳಗೆ ನಿಂತು ಕೇಳಿದರು: "ಇವತ್ತು ಎಂತ ಪದಾರ್ಥ?"

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವಳು. ಪದಾರ್ಥ ಎಂದರೆ ನನಗೆ ಘನ, ದ್ರವ, ಅನಿಲ. "ಯಾವ ಪದಾರ್ಥರೀ?" ಎಂದೆ.

"ಅನ್ನಕ್ಕೆ ಎಂತ ಮಾಡಿದ್ದು ಮಾರಾಯ್ತಿ? ಬಸಳೆಯಾ, ಮೀನಾ?"

ಇಲ್ಲಿ ಅನ್ನಕ್ಕೆ ಕಲಸಿಕೊಳ್ಳುವುದೆಲ್ಲ ಪದಾರ್ಥ. ನನ್ನದೇ ಭಾಷೆಯನ್ನು ಯಾರೋ ನನಗೆ ಅರ್ಥ ಮಾಡಿಸಬೇಕಾಗಿ ಬಂದದ್ದು ಅದೇ ಮೊದಲು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡನಿಗೆ ಕಾರ್ಕಳದ ಕಡೆ ಕಟ್ಟಡಗಳ ಉಸ್ತುವಾರಿ, ನನಗೆ ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕೆಲಸ. ರೊಟ್ಟಿ ಬಿಟ್ಟು ಕುಚ್ಚಲಕ್ಕಿಗೆ ಹೊಟ್ಟೆ ಒಗ್ಗಿಸಿದೆ. ಬಸ್ಸಿನಲ್ಲಿ ಕೇಳಿ ಕೇಳಿ ತುಳು ಕಲಿತೆ. ಫಿಲೊಮಿನಾ ಬಾಯಿಯವರ ಕೊಂಕಣಿಯೂ ಅಷ್ಟಿಷ್ಟು ತಿಳಿಯತೊಡಗಿತು. ಆದರೂ ನೆಂಟರೆದುರು ಅವರು ನನ್ನನ್ನು ಪರಿಚಯಿಸುತ್ತಿದ್ದದ್ದು, "ಇವರು ಘಟ್ಟದವರು, ಆದರೆ ಒಳ್ಳೆಯವರು" ಎಂದು. ಘಟ್ಟದ ಮೇಲಿನ ಸೀಮೆಯವರೆಲ್ಲ ಇಲ್ಲಿ ಘಟ್ಟದವರು. ಆ 'ಆದರೆ'ಯನ್ನು ದಾಟಲು ನನಗೆ ಆಗಲೇ ಇಲ್ಲ.

ತಂಗಿ ಶೈಲಾ ಅದೇ ಡಿಗ್ರಿ ಮುಗಿಸಿ ಬಂದಾಗ ನನ್ನ ಪ್ರಯೋಗಾಲಯದಲ್ಲೇ ಕೆಲಸ ಕೊಡಿಸಿ ಮನೆಯಲ್ಲಿ ಇರಿಸಿಕೊಂಡೆ. ಅವಳಿಗೆ ಇಲ್ಲಿಯದು ಯಾವುದೂ ಹಿಡಿಸಲಿಲ್ಲ. "ಈ ಮಂದಿ ಊಟಕ್ಕ ತೆಂಗಿನಕಾಯಿ ಹಾಕ್ತಾರೋ, ತೆಂಗಿನಕಾಯಿಗೆ ಊಟ ಹಾಕ್ತಾರೋ ಅಕ್ಕಾ?" ಎಂದು ತಟ್ಟೆ ದೂಡುತ್ತಿದ್ದಳು. ತುಳುವಿನ ಒಂದು ಪದವನ್ನೂ ಕಲಿಯಲಿಲ್ಲ. ರಜೆ ಸಿಕ್ಕರೆ ಹುಬ್ಬಳ್ಳಿ ಬಸ್ಸು.

ಅವಳಿಗೆ ಮದುವೆಯಾದ ಮೇಲೆ ಎರಡೂ ಮನೆಯವರು ಕೆನಡಾಕ್ಕೆ ಅರ್ಜಿ ಹಾಕಿದೆವು. ಆ ದೇಶ ಅಂಕ ಹಾಕಿ ಜನರನ್ನು ಆರಿಸುತ್ತದೆ: ವಯಸ್ಸು, ಓದು, ಇಂಗ್ಲಿಷ್, ಅನುಭವ. ಕೊನೆಗೆ 'ಅಡಾಪ್ಟಬಿಲಿಟಿ', ಅಂದರೆ ಹೊಸ ಜಾಗಕ್ಕೆ ಹೊಂದಿಕೊಳ್ಳುವ ಗುಣ. ಅದನ್ನು ಓದಿ ನಾನು ಹಿಗ್ಗಿದ್ದೆ. ಆದರೆ ಆ ಗುಣವನ್ನು ಅಳೆಯುವುದು ಹೇಗೆ? ಅಲ್ಲಿ ಮೊದಲೇ ಓದಿರಬೇಕು, ಇಲ್ಲವೇ ದುಡಿದಿರಬೇಕು, ಗಂಡನ ಓದು ಹೆಚ್ಚಿರಬೇಕು, ಅಥವಾ ಅಲ್ಲಿ ಹತ್ತಿರದ ಸಂಬಂಧಿ ಇರಬೇಕು. ನನ್ನ ಗಂಡ ಡಿಪ್ಲೊಮಾದವರು. ಶೈಲಾಳ ಗಂಡನ ಅಕ್ಕ ಟೊರೊಂಟೊದ ಹತ್ತಿರ ಇದ್ದರು. ಸ್ವಲ್ಪದರಲ್ಲಿ ಅಂಕ ಸಾಲದೆ ನಾನು ಇಲ್ಲೇ ಉಳಿದೆ, ಅವಳು ಹೋದಳು. ಬೀಳ್ಕೊಟ್ಟು ಬಂದ ದಿನ ಊಟ ಸೇರಲಿಲ್ಲ. ಅಗಲಿಕೆ ಎಂದು ಗಂಡ ತಿಳಿದರು. ಹೊಟ್ಟೆಕಿಚ್ಚು ಎಂದು ನನಗೆ ಗೊತ್ತಿತ್ತು.

ಫಿಲೊಮಿನಾ ಬಾಯಿ ನಕ್ಕರು. "ಗಂಜಿ ಇಳಿಯದವಳಿಗೆ ಹೊಂದಿಕೊಳ್ಳುವ ಅಂಕವಾ? ನಮ್ಮ ಯಜಮಾನರು ಕುವೈತಿನಲ್ಲಿ ಅರ್ಧ ಆಯುಷ್ಯ ವಯರಿಂಗ್ ಮಾಡಿದರು, ಅವರಿಗೆ ಯಾರೂ ಅಂಕ ಹಾಕಲೇ ಇಲ್ಲ. ಕೆಲಸ ಮುಗಿಯಿತು, ಹೋಗು ಅಂದರು, ಅಷ್ಟೇ."

"ನೀವಾಗಿದ್ದರೆ ನನ್ನನ್ನು ಪಾಸು ಮಾಡುತ್ತಿದ್ದಿರಿ ಅಲ್ವಾ?" ಎಂದೆ.

"ಆಗಲೇ ಮಾಡಿದ್ದೇನಲ್ಲಾ. ನಿಮಗಿಂತ ಮೊದಲು ಈ ಮನೆ ಕೇಳಿಕೊಂಡು ಬಂದದ್ದು ನಿಮ್ಮ ಊರಿನ ಕಡೆಯವರೇ, ಕಾಂಕ್ರೀಟು ಕೆಲಸದವರು. ಪಾಪದವರು, ಸಾಧು ಜನ. ಆದರೆ ಗುರುತಿಲ್ಲದವರಿಗೆ ಹೇಗೆ ಕೊಡುವುದು? ನಿಮ್ಮ ಯಜಮಾನರದ್ದು ನನ್ನ ತಮ್ಮನಿಗೆ ಗುರುತು ಉಂಟು. ನೀವು ಓದಿದವರು ಬೇರೆ."

ಅವರು ಅದನ್ನು ಹೊಗಳಿಕೆಯೆಂದೇ ಹೇಳಿದ್ದು. ನನ್ನಂತೆಯೇ ಕನ್ನಡ ಆಡುವ ಯಾರನ್ನೋ ಹಿಂದೆ ಕಳಿಸಿ ನನಗೆ ಕೊಟ್ಟ ಮನೆಯಲ್ಲಿ ಕುಳಿತು ನಾನು ಕೆನಡಾದ ನ್ಯಾಯವನ್ನು ಪ್ರಶ್ನಿಸುತ್ತಿದ್ದೆ. ಆದರೂ ಕಿಚ್ಚು ಆರಲಿಲ್ಲ. ಆಯ್ಕೆ ಅನ್ಯಾಯ ಎಂದು ನಾನು ನಿಜವಾಗಿ ನಂಬಿದ್ದೆನೋ, ಆಯ್ಕೆಯಾದವಳು ನಾನಲ್ಲ ಎಂಬುದಷ್ಟೇ ನೋವೋ, ಇಂದಿಗೂ ಬೇರ್ಪಡಿಸಲು ಬರುವುದಿಲ್ಲ.

ಶೈಲಾ ಅಲ್ಲಿ ನೆಲೆಸಿದ್ದರಿಂದ ಈಗ ನನಗೂ ಅಲ್ಲಿ ಹತ್ತಿರದ ಸಂಬಂಧಿ ಇದ್ದ ಹಾಗಾಯಿತು. ಅದೇ ಅಂಕ, ತಂಗಿಯ ಹೆಸರಿನಲ್ಲಿ. ಮತ್ತೆ ಅರ್ಜಿ ಹಾಕಬಹುದಿತ್ತು. ಅವಳು ಅಲ್ಲಿ ವಾಸವಿರುವುದಕ್ಕೆ ದಾಖಲೆ ಕಳಿಸಿದರೆ ಸಾಕು. ಫೋನಿನಲ್ಲಿ ಕೇಳಿದೆ.

"ಬರಬ್ಯಾಡಕ್ಕಾ," ಎಂದಳು. "ಇಲ್ಲಿ ಬಂದ ಮ್ಯಾಲೆ ನಿನ್ನ ಡಿಗ್ರಿ ಯಾರೂ ಕೇಳೂದಿಲ್ಲ. ಇಲ್ಲೇ ಕೆಲಸ ಮಾಡಿದ ಅನುಭವ ಐತೇನು ಅಂತಾರ. ನಾ ಗೋದಾಮಿನ್ಯಾಗ ಡಬ್ಬಿ ಜೋಡಸ್ತೀನಿ. ಮೂರು ಹೊತ್ತೂ ಬ್ರೆಡ್ಡು."

"ಮತ್ತ ನೀನೂ ವಾಪಸ್ ಬಾ."

"ಅದು ಬ್ಯಾರೆ."

ಡಬ್ಬಿ ಎಂದಾಗ ನನ್ನೊಳಗೆ ಏನೋ ತಣ್ಣಗಾಯಿತು. 'ಅದು ಬ್ಯಾರೆ' ಎಂದಾಗ ಮತ್ತೆ ಹೊತ್ತಿಕೊಂಡಿತು. ಅವಳು ಕಳಿಸಿದ ಫೋಟೊದಲ್ಲಿ ಹಿಮ ಇತ್ತು, ಕೆಂಪು ಕಾರಿತ್ತು, ಡಬ್ಬಿಗಳಿರಲಿಲ್ಲ.

"ದಾಖಲೆ ಕಳಿಸಲಿಕ್ಕೆ ನಿನಗೆ ಎಂತ ಕಷ್ಟ ಉಂಟು?" ಎಂದುಬಿಟ್ಟೆ.

ಅವಳು ನಕ್ಕಳು. "ನೋಡು, ಎಂತ, ಉಂಟು ಅಂತಿ, ನೀ ಅಲ್ಲ್ಯಾಕಿನ ಆಗಿಬಿಟ್ಟಿ. ಅವ್ವನೂ ಅದನ್ನ ಅಂತಾಳ. ಇನ್ನೊಂದು ಊರು ಯಾಕ ಬೇಕು ನಿನಗ?"

ಕಾಪುವಿನಲ್ಲಿ ಘಟ್ಟದವಳು, ಧಾರವಾಡದಲ್ಲಿ ಅಲ್ಲ್ಯಾಕಿ, ಕರಾವಳಿಯವಳು. ಆಗ ನಾನು ಕೇಳಿದ್ದು ಅವಳ ಭಾಷೆಯಲ್ಲೇ. ಅವಳು, "ತಡಿ, ಬಾಗಲಾ ಬಡೀಲಿಕ್ಕತ್ತಾರ" ಎಂದು ಫೋನಿಟ್ಟಳು. ಆಮೇಲೂ ಫೋನು ಮಾಡುತ್ತಾಳೆ, ಅವ್ವನ ಮೊಣಕಾಲು, ಇಲ್ಲಿಯ ಮಳೆ, ಅಲ್ಲಿಯ ಚಳಿ, ಎಲ್ಲ ಮಾತಾಡುತ್ತಾಳೆ. ಆ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ.

"ಬರಬ್ಯಾಡ ಅನ್ನೂದು ನನ್ನ ಸಲುವಾಗೋ ಶೈಲಾ, ನಿನ್ನ ಸಲುವಾಗೋ?"