ಚೌಡಪ್ಪನ ಬಿಲ್ಲೆ

ನಾನು ಈ ಜನ್ಮದಲ್ಲಿ ಇಳಿದಿರುವ ಅತ್ಯಂತ ಆಳದ ಜಾಗವೆಂದರೆ ಬಂಗಾರಪೇಟೆಯ ನಮ್ಮ ಮನೆಯ ನೀರಿನ ಸಂಪು. ವರ್ಷಕ್ಕೆರಡು ಸಲ ತೊಳೆಯಲು ಇಳಿಯುತ್ತೇನೆ. ಆಗಲೂ ಹೆಂಡತಿ ಮೇಲೆ ನಿಂತು ಟಾರ್ಚ್ ಹಿಡಿದಿರಬೇಕು. ಇಂಥ ನಾನು ಚಿನ್ನದ ಗಣಿಯ ಮೇಲೆ ಧಾರಾವಾಹಿ ಬರೆದೆ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ಜೀವಮಾನವೆಲ್ಲ ರೈಲ್ವೆ ಕಿಟಕಿಯ ಹಿಂದೆ ಕೂತು ಟಿಕೆಟ್ ಹರಿದವನಿಗೆ, ತಾನು ಎಲ್ಲಿಗೂ ಹೋಗದೆ ಮಿಕ್ಕವರನ್ನು ಎಲ್ಲಿಗಾದರೂ ಕಳಿಸಿಬಿಡುವ ಧೈರ್ಯ ತಾನಾಗಿ ಬಂದಿರುತ್ತದೆ.

ಹಾಗೆ ನಾನು ಗಣಿಯೊಳಕ್ಕೆ ಕಳಿಸಿದವನು ಟಿಂಬರ್ ಚೌಡಪ್ಪ. ಸುರಂಗದ ಚಾವಣಿ ಕುಸಿಯದಂತೆ ಮರದ ದಿಮ್ಮಿ ಆನಿಸಿ ನಿಲ್ಲಿಸುವುದು ಅವನ ಕೆಲಸ. ಕಬ್ಬಿಣದ ಸಲಾಕೆಯಿಂದ ಬಂಡೆಯನ್ನು ಟಕ್ ಎಂದು ತಟ್ಟಿ, ಕಿವಿಗೊಟ್ಟು, ಗಟ್ಟಿಯೋ ಪೊಳ್ಳೋ ಹೇಳುತ್ತಿದ್ದ. ನಮ್ಮ ಕಡೆಯ ಒಂದು ವಾರಪತ್ರಿಕೆಯಲ್ಲಿ ಅವನು ಇಪ್ಪತ್ತನಾಲ್ಕು ಕಂತು ಬಂಡೆ ತಟ್ಟಿದ. ಕೊನೆಯ ಕಂತಿನಲ್ಲಿ, ಕುಸಿದ ಸುರಂಗದಿಂದ ಮೂವರನ್ನು ಕಾಪಾಡಿ, ಮೇಲೆ ಬಂದು, ಸೀದಾ ಮನೆಗೆ ನಡೆದು, ಕೈಕಾಲು ತೊಳೆದು ಬಿಸಿ ಮುದ್ದೆಯ ಮುಂದೆ ಕೂತ. ನಾನು ಶುಭಂ ಎಂದು ಬರೆದು ಕಾಫಿ ಕುಡಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ, ಇನ್ನು ಚೌಡಪ್ಪ ಯಾರಿಗೆ ಬೇಕು ಎಂಬ ಲೆಕ್ಕ ನನ್ನದು. ಆದರೆ ಪತ್ರಿಕೆಗೆ ಫೋನುಗಳು ಬರತೊಡಗಿದವು. "ಚೌಡಪ್ಪನ ಮನೆ ಯಾವ ಲೈನಾಗೈತೆ ಸಾರ್?" ಎಂದು ಒಬ್ಬರು. ಅವನ ಜೊತೆ ನೈಟ್ ಶಿಫ್ಟ್ ಮಾಡಿದ್ದೇನೆ, ಬಲೇ ಕೋಪಿಷ್ಠ ಎಂದು ಇನ್ನೊಬ್ಬರು. ಸಂಪಾದಕರು ಚುರುಕಿನ ಆಸಾಮಿ. ಧಾರಾವಾಹಿಯನ್ನು ಪುಸ್ತಕ ಮಾಡಿ, ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಒಂದು ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಬಿಡುಗಡೆ ಇಟ್ಟುಕೊಂಡು, "ಚೌಡಪ್ಪನೇ ಬರುತ್ತಾನೆ, ಭೇಟಿ ಮಾಡಿ" ಎಂದು ಬ್ಯಾನರ್ ಕಟ್ಟಿಸಿಯೇಬಿಟ್ಟರು.

ಚೌಡಪ್ಪನನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು. ಸಿಕ್ಕವನು ಬಂಗಾರಪೇಟೆ ಪಕ್ಕದ ಹಳ್ಳಿಯ ಹಾಲಿನ ಡೈರಿಯ ಕೃಷ್ಣಪ್ಪ. ಒಳ್ಳೆಯ ಮೀಸೆ, ಪೌರಾಣಿಕ ನಾಟಕಗಳಲ್ಲಿ ಗದೆ ಹೊತ್ತು ಹಣ್ಣಾದ ಹೆಗಲು. ನಮ್ಮ ಕಡೆ ದೇವರ ವೇಷ ಹಾಕಿದವನಿಗೆ ರಾತ್ರಿ ಆರತಿ ಎತ್ತುವ ಜನವೇ ಬೆಳಿಗ್ಗೆ ಅವನ ಹಾಲಿಗೆ ನೀರು ಬಿದ್ದಿದೆ ಎಂದು ಜಗಳಕ್ಕೆ ನಿಲ್ಲುತ್ತಾರೆ. ಎರಡರಲ್ಲೂ ಅವರಿಗೆ ಒಂದಿಷ್ಟೂ ಅನುಮಾನವಿರುವುದಿಲ್ಲ. ಇದೆಲ್ಲ ಕೃಷ್ಣಪ್ಪನಿಗೆ ಹಳೆಯ ಸಂಗತಿ. ಹೆಲ್ಮೆಟ್ಟು, ಸಲಾಕೆ ಹೊಂದಿಸಿದೆವು. ಕಥೆಯಲ್ಲಿ ಚೌಡಪ್ಪನ ಕೊರಳಲ್ಲಿ ೪೧೭ನೇ ನಂಬರಿನ ಹಿತ್ತಾಳೆ ಬಿಲ್ಲೆ ಇತ್ತು; ಅದನ್ನೂ ಪಾತ್ರೆ ಅಂಗಡಿಯಲ್ಲಿ ಕೊರೆಸಿ ದಾರ ಕಟ್ಟಿ ಹಾಕಿದೆ. ಆ ಬಿಲ್ಲೆಯ ಬಗ್ಗೆ ನನಗೆ ಬಹಳ ಹೆಮ್ಮೆ.

ಸಭಾಂಗಣ ತುಂಬಿತ್ತು. ನಿವೃತ್ತ ಗಣಿ ಕೆಲಸಗಾರರು ಕೃಷ್ಣಪ್ಪನ ತೋಳು ಒತ್ತಿ ನೋಡಿದರು, ಸೆಲ್ಫಿ ತೆಗೆದುಕೊಂಡರು. ಒಬ್ಬರು ಗೋಡೆ ತಟ್ಟಿ ಹೇಳು ಎಂದರು. ಅವನು ತಟ್ಟಿ, ಕಣ್ಣು ಮುಚ್ಚಿ, "ಗಟ್ಟಿ ಐತೆ, ಕೂತ್ಕಳಿ" ಅಂದ. ಚಪ್ಪಾಳೆಯೋ ಚಪ್ಪಾಳೆ. ಅವನನ್ನು ಹುಟ್ಟಿಸಿದ ನಾನು ಕಾಫಿ ಡ್ರಮ್ಮಿನ ಪಕ್ಕ ನಿಂತಿದ್ದೆ. ಒಬ್ಬರು ಬಂದು, ಸಕ್ಕರೆ ಎಲ್ಲಿದೆ ಎಂದು ಕೇಳಿದರು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಸಾಲಿನ ಕೊನೆಯಲ್ಲಿ ಗಣಿ ಕಾಲೋನಿಯಾದ ಕೋರಮಂಡಲ್‌ನಿಂದ ಬಂದ ಮುನಿಯಮ್ಮ ಎಂಬ ಅಜ್ಜಿ ಇದ್ದರು. ವಾರವಾರವೂ ಪಕ್ಕದ ಮನೆಯವರಿಂದ ಧಾರಾವಾಹಿ ಓದಿಸಿ ಕೇಳಿದವರಂತೆ. ಸರದಿ ಬಂದಾಗ ಕೃಷ್ಣಪ್ಪನ ಮುಖ ನೋಡಲಿಲ್ಲ, ಎದೆ ನೋಡಿದರು.

"ಯಾಕಪ್ಪಾ, ಬಿಲ್ಲೆ ಇನ್ನೂ ಕತ್ನಾಗೇ ಐತೆ? ಕೊಡ್ಲಿಲ್ವಾ?"

ಕೃಷ್ಣಪ್ಪ ನನ್ನ ಕಡೆ ನೋಡಿದ. ನಾನು ಡ್ರಮ್ಮಿನ ಕಡೆ ನೋಡಿದೆ. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಮೆಲ್ಲಗೆ ಹೇಳಿದರು: "ಇಳಿಯೋವಾಗ ಬಿಲ್ಲೆ ತಗಂಡು ಓಗೋದು, ಮೇಲಕ್ಕೆ ಬಂದ್ರೆ ಕಿಟಕೀಲಿ ಕೊಡೋದು. ಅವ್ರು ಬೋರ್ಡಿಗೆ ತಗುಲಾಕ್ತಾರೆ. ಬಿಲ್ಲೆ ಬರ್ಲಿಲ್ಲ ಅಂದ್ರೆ ಆಳು ಇನ್ನೂ ಒಳಗೇ ಅವ್ನೆ ಅಂತ. ನೀವು ಸೀದಾ ಮನೆಗೆ ಕಳಿಸ್ಬಿಟ್ರಿ. ಬಂಗಾರಪೇಟೆಯೋರು, ಓಗ್ಲಿ ಪಾಪ ಅಂತ ನಾವೂ ಸುಮ್ನಿದ್ವಿ."

ಮುನಿಯಮ್ಮ ಸುಮ್ಮನಿರುವವರಲ್ಲ. "ನಮ್ಮೆಜಮಾನ್ರ ವಿಷ್ಯದಾಗೂ ಇಂಗೇ ಆಗಿದ್ದು. ಶಿಫ್ಟ್ ಬಿಟ್ಟೈತೆ, ಮೇಲಕ್ಕೆ ಬಂದವ್ನೆ, ದಾರೀಲವ್ನೆ ಅಂತ ಎಲ್ರೂ ಏಳಿದ್ರು. ನಂಬ್ಕೊಂಡು ಮುದ್ದೆ ಕಟ್ಟಿಟ್ಟೆ. ಓಗಿ ನೋಡಿದ್ರೆ ಬೋರ್ಡ್‌ನಾಗೆ ಬಿಲ್ಲೆ ಇರ್ಲಿಲ್ಲ."

ನನಗೆ ನಾಚಿಕೆಯಾಯಿತು. ಧೈರ್ಯ ಮಾಡಿ ಮುಂದೆ ಹೋಗಿ, ತಪ್ಪು ನನ್ನದು, ಆದರೂ ಇದು ಬರಿಯ ಕಥೆ ತಾಯಿ ಎಂದೆ.

"ಕತೆ ಅಂತ ನಂಗೊತ್ತಿಲ್ವೇನಪ್ಪ?" ಎಂದರು ಮುನಿಯಮ್ಮ. "ಕತೆಯಾಗಾದ್ರೂ ಸರ್ಯಾಗಿ ಮೇಲಕ್ಕೆ ಬರ್ಬೇಕಲ್ವಾ?"

ಮುನಿಯಮ್ಮ ಅಂಗೈ ಚಾಚಿ ನಿಂತರು. ಕೃಷ್ಣಪ್ಪ ದಾರ ತೆಗೆಯಲು ಹೋದರೆ ಹೆಲ್ಮೆಟ್ಟಿಗೆ ಸಿಕ್ಕಿಕೊಂಡಿತು. ಹೆಲ್ಮೆಟ್ಟನ್ನೇ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಿಲ್ಲೆಯನ್ನು ಎರಡೂ ಕೈಯಿಂದ ಕೊಟ್ಟ. "ನಂಬರ್ ಎಷ್ಟ್ಲಾ" ಎಂದು ಹಿಂದಿನಿಂದ ಯಾರೋ ಗದರಿಸಿದರು. "ನಾನೂರಾ ಹದಿನೇಳು" ಎಂದ. ನಾಟಕದಲ್ಲಿ ಮೂರು ಊರಿಗೆ ಕೇಳುವ ಗಂಟಲು ಅವನದು, ಆವತ್ತು ಮೊದಲ ಸಾಲಿಗೂ ಸರಿಯಾಗಿ ಕೇಳಲಿಲ್ಲ. ಮುನಿಯಮ್ಮ ಕೊರೆದ ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಬಂತು" ಎಂದರು. "ಇನ್ನ ಮನೇಗೋಗು. ಮುದ್ದೆ ಆರೋಗ್ತೈತೆ."

ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟುಹೋದರು. ಯಾರೂ ವಾಪಸ್ ಕೇಳಲಿಲ್ಲ.

ಎರಡನೆಯ ಮುದ್ರಣದಲ್ಲಿ ಒಂದು ವಾಕ್ಯ ಸೇರಿಸಿದ್ದೇನೆ: "ಚೌಡಪ್ಪ ಕಿಟಕಿಯಲ್ಲಿ ಬಿಲ್ಲೆ ಕೊಟ್ಟು, ಬೋರ್ಡಿಗೆ ತಗುಲಿಹಾಕುವುದನ್ನು ಕಣ್ಣಾರೆ ನೋಡಿ, ಮನೆಯ ಕಡೆ ನಡೆದ." ವಿಮರ್ಶಕರೊಬ್ಬರು, ಕೊನೆಯ ಪುಟದ ಈ ವಾಕ್ಯ ಅನಗತ್ಯ, ಕಥೆಯ ಓಟಕ್ಕೆ ಅಡ್ಡಿ ಎಂದು ಬರೆದರು. ಓಟದ ಮಟ್ಟಿಗೆ ಅವರ ಮಾತು ನಿಜ. ಇಡೀ ಪುಸ್ತಕದಲ್ಲಿ ನನ್ನದಲ್ಲದ ವಾಕ್ಯವೂ ಅದೊಂದೇ.

ಮೊನ್ನೆ ಮತ್ತೆ ಸಂಪು ತೊಳೆಯಲು ಇಳಿದಿದ್ದೆ. ಮೇಲೆ ಬಂದು, ಹೆಂಡತಿಯ ಎದುರಿಗೇ ನಿಂತು, "ಬಂದೆ" ಎಂದೆ. "ಕಾಣ್ತಾ ಇದೆಯಲ್ಲ, ಅದನ್ನ ಬೇರೆ ಹೇಳ್ಬೇಕಾ?" ಎಂದು ನಕ್ಕಳು. ಆದರೂ ಮುಚ್ಚಳ ಎಳೆಯುವ ಮುಂಚೆ ಒಳಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿದಳು.